ಮುಂದೆ ನಡೆಯುವವಳು

ನಮ್ಮ ಹಳೆಯ ಟ್ರ್ಯಾಕ್ಟರ್ ಜಾರಿದ್ದು ಹೋದ ವರ್ಷ, ಮರಸೇಬಿನ ಕೊಯ್ಲಿನ ಕೊನೆಯ ವಾರದಲ್ಲಿ. ಮಗಳು ಒಬ್ಬಳೇ ಓಡಿಸುತ್ತಿದ್ದಳು. ನಾಲ್ಕನೇ ಮೆಟ್ಟಿಲಿನ ಅಂಚಿನಲ್ಲಿ ಹಿಂದಿನ ಚಕ್ರ ದಾರಿ ಬಿಟ್ಟು ಹೊರಗೆ ಹೋಯಿತು. ಗಾಡಿ ಇಳಿಜಾರಿನಲ್ಲಿ ಅಡ್ಡಡ್ಡ ಜಾರಿ, ಕೆಳಗಿನ ಒಂದು ಮರಕ್ಕೆ ಒರಗಿ ನಿಂತಿತು. ಹಳೆಯ ಮರ, ಬೇರು ಗಟ್ಟಿಯಾಗಿತ್ತು. ಮಗಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವತ್ತಿನಿಂದ ಆ ಮರದ ಹಣ್ಣನ್ನು ನಾನು ಮಾರಲು ಬಿಟ್ಟಿಲ್ಲ. ದಾರಿಯಲ್ಲಿ ಹೋಗುವವರಿಗೆ ಕೊಟ್ಟುಬಿಡುತ್ತೇನೆ.

ಗಾಡಿ ಸಣ್ಣದು, ಎಂಜಿನ್ನಿಗೆ ವಯಸ್ಸಾಗಿದೆ, ಟೈರು ಸವೆದಿದೆ ಎಂದು ನೋಡಲು ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಅದೆಲ್ಲ ನಿಜವೇ. ಆದರೆ ಅದು ಜಾರಿದ್ದು ಬೇರೆ ಕಾರಣಕ್ಕೆ. ಮಗಳಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ನಮ್ಮದು ಗುಡ್ಡವನ್ನು ಕಡಿದು ಮಾಡಿದ ತೋಟ. ಒಂದರ ಮೇಲೊಂದು ಏಳು ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿನಲ್ಲೂ ಎರಡು ಸಾಲು ಮರಗಳು. ಮನೆಯ ಅಂಗಳದಿಂದ ಏಳನೇ ಮೆಟ್ಟಿಲಿನವರೆಗೆ ಸುತ್ತಿ ಸುತ್ತಿ ಹತ್ತುವ ಒಂದೇ ಮಣ್ಣಿನ ದಾರಿ. ದಾರಿಯ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಗಾಳಿ. ಕಾಲೇಜಿನಲ್ಲಿ ಭೂಗೋಳ ಓದಿ, ನಕಾಶೆಯಲ್ಲಿ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನು ಅಂದವಾಗಿ ಎಳೆದು ಬಹುಮಾನ ತೆಗೆದುಕೊಂಡಿದ್ದವಳು ನಾನು. ಆ ರೇಖೆಗಳು ಒತ್ತೊತ್ತಾಗಿ ಕೂತರೆ ಏನರ್ಥ ಎಂಬುದು ಈ ಮನೆಗೆ ಬಂದ ಮೇಲೆ ಕಾಲಿಗೆ ತಿಳಿಯಿತು.

ಕಡಿದಾದ ದಾರಿಯಲ್ಲಿ ಹತ್ತುವಾಗ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದಿರುತ್ತದೆ. ಸೀಟಿನಲ್ಲಿ ಕೂತವರಿಗೆ ಮುಂದಿನ ನೆಲ ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಬ್ಬರು ಓಡಿಸಿದರೆ ಇನ್ನೊಬ್ಬರು ಮುಂದೆ ನಡೆಯುತ್ತಿದ್ದರು. ಓಡಿಸುವವರು ನಮ್ಮವರು, ನಡೆಯುವವಳು ನಾನು. ಹದಿನೈದು ಹೆಜ್ಜೆ ಅಂತರ. ನನ್ನ ಹೆಗಲ ಮೇಲೊಂದು ಹಸಿರು ಟವೆಲು. ಅದನ್ನು ಬಲ ಹೆಗಲಿಗೆ ಹಾಕಿದರೆ ಬಲಕ್ಕೆ ಒತ್ತಬೇಕು, ಎಡಕ್ಕೆ ಹಾಕಿದರೆ ಎಡಕ್ಕೆ. ಕೈ ಎತ್ತಿದರೆ ನಿಲ್ಲಬೇಕು. ದಾರಿಯಲ್ಲಿ ಕೂತುಬಿಟ್ಟರೆ ಮುಂದಿನ ನೆಲವನ್ನು ನಂಬುವಂತಿಲ್ಲ ಎಂದು ಅರ್ಥ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮೂವತ್ತೆಂಟು ವರ್ಷದಲ್ಲಿ ನಾನು ಕೂತದ್ದು ಒಂದೇ ಸಲ, ಹೆಗ್ಗಣಗಳು ದಾರಿಯನ್ನು ಜರಡಿ ಮಾಡಿಟ್ಟಿದ್ದ ವರ್ಷ.

ಇನ್ನೊಂದು ಕಟ್ಟುಪಾಡಿತ್ತು. ಮುಂದೆ ನಡೆಯುವವಳು ಹಿಂದೆ ತಿರುಗಿ ನೋಡಬಾರದು. ಮೊದಲ ದಿನ ನಾನು ಹೆದರಿ ಹತ್ತು ಸಲ ತಿರುಗಿದ್ದೆ. "ನೀನು ತಿರುಗಿದ್ರೆ ನಾನು ನಿನ್ನ ಮುಖ ನೋಡ್ತೀನಿ. ಆಮೇಲೆ ದಾರಿ ನೋಡೋರ್ಯಾರು?" ಎಂದಿದ್ದರು ನಮ್ಮವರು. ಆಮೇಲೆ ನಾನು ತಿರುಗಲಿಲ್ಲ. ಬೆನ್ನಿಗೆ ಅಷ್ಟು ಹತ್ತಿರದಲ್ಲಿ ಅಷ್ಟು ಭಾರದ ಯಂತ್ರ ಬರುತ್ತಿದ್ದರೂ ಬೆನ್ನು ನೆಮ್ಮದಿಯಾಗಿರುತ್ತಿತ್ತು.

ಐದು ವರ್ಷದ ಹಿಂದೆ ನಮ್ಮವರು ನಿದ್ದೆಯಲ್ಲೇ ಹೋದರು. ಮಗಳು ಸೀಟು ಹತ್ತಿದಳು, ನಾನು ನಡೆದೆ. ಆಮೇಲೆ ನನ್ನ ಎಡ ಮೊಣಕಾಲು ಕೈಕೊಟ್ಟಿತು. ಹೋದ ವರ್ಷ ಆ ದಿನ ನಾನು ಮನೆಯಲ್ಲಿ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದೆ. ಮಗಳು ಅಭ್ಯಾಸದ ಪ್ರಕಾರ ಹದಿನೈದು ಹೆಜ್ಜೆ ಮುಂದಿನ ಖಾಲಿ ಜಾಗವನ್ನೇ ನೋಡುತ್ತಾ ಓಡಿಸಿದಳು. ಚಕ್ರವನ್ನು ನೋಡಲಿಲ್ಲ, ಅಂಚನ್ನು ನೋಡಲಿಲ್ಲ. ಇಲ್ಲದವಳನ್ನು ನೋಡುತ್ತಾ ಹೋದಳು. ಅದೇ ಕಾರಣ.

ಹಾಗೆ ಮನೆಯಲ್ಲಿ ದೊಡ್ಡ ಟ್ರ್ಯಾಕ್ಟರಿನ ಮಾತು ಶುರುವಾಯಿತು.

ಅಳಿಯ ಪೇಟೆಯಲ್ಲಿ ಟೈಲರ್. ಯಂತ್ರ ಎಂದರೆ ಅವರಿಗೆ ಹೊಲಿಗೆ ಯಂತ್ರ ಒಂದೇ. ಆದರೂ ಮೂರು ಅಂಗಡಿಗಳಿಂದ ಬಣ್ಣದ ಪುಸ್ತಕಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದರು. ನಾನು ಚಹಾಕ್ಕೆ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. ಕೆಲವು ತಿಂಗಳಿಂದ ನಮ್ಮ ನಲ್ಲಿಯಲ್ಲಿ ನೀರು ಕೆಂಪಗೆ ಬರುತ್ತಿತ್ತು. ಮೇಲಿನ ಒರತೆಯ ನೀರು, ಬೇಸಿಗೆ ಬಂದರೆ ತಿಳಿಯಾಗುತ್ತದೆ ಎಂದುಕೊಂಡಿದ್ದೆವು. ಬೇಸಿಗೆ ಬಂದಿತ್ತು, ತಿಳಿಯಾಗಿರಲಿಲ್ಲ.

"ನಲವತ್ತೈದು ಕುದುರೆ ಶಕ್ತಿಯಂತೆ ಇದು," ಎಂದರು ಅಳಿಯ. "ನಮ್ಮ ಹಳೇದಕ್ಕೆ ಹದಿನೆಂಟು. ಅದ್ರಲ್ಲಿ ಹತ್ತು ಕುದುರೆ ಆಗಲೇ ನಿವೃತ್ತಿ ತಗೊಂಡಿವೆ."

"ತಮಾಷೆ ಸಾಕು ರೀ," ಎಂದಳು ಮಗಳು. "ಭಾರ ಎಷ್ಟಿದೆ ನೋಡಿ."

"ಸಾವಿರದ ಏಳ್ನೂರು ಕಿಲೋ. ನಡುವಿನದು ಮೂವತ್ತೆರಡು ಕುದುರೆ, ಸಾವಿರದ ನೂರು ಕಿಲೋ. ಎರಡಕ್ಕೂ ನಾಲ್ಕು ಚಕ್ರಕ್ಕೂ ಎಳೆತ ಇದೆ, ತಲೆ ಹಿಂದೆ ಕಬ್ಬಿಣದ ಕಮಾನಿದೆ, ಉರುಳಿದ್ರೂ ಮನುಷ್ಯ ಅಪ್ಪಚ್ಚಿ ಆಗಲ್ಲ."

"ದೊಡ್ಡದೇ ಬೇಕು. ಭಾರ ಇದ್ರೆ ನೆಲ ಕಚ್ಚಿಕೊಂಡಿರುತ್ತೆ. ಮುಂದೆ ಯಾರೂ ನಡೆಯೋ ಅಗತ್ಯಾನೇ ಇರಲ್ಲ." ಅವಳು ನನ್ನ ಕಡೆ ನೋಡದೆ ಸಕ್ಕರೆ ಡಬ್ಬಿಯನ್ನು ನನ್ನ ಕೈಗೆಟಕುವ ಹಾಗೆ ಸರಿಸಿದಳು. ನನ್ನ ಮೊಣಕಾಲಿಗಾಗಿಯೇ ಅವಳು ದೊಡ್ಡದನ್ನು ಆರಿಸುತ್ತಿದ್ದಾಳೆ ಎಂದು ಆಗ ಗೊತ್ತಾಯಿತು. ಸಂಜೆ ಅವಳು ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಬಂದರೆ ಸಾಕು ಎನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮೊದಲು ನಡುವಿನ ಟ್ರ್ಯಾಕ್ಟರ್ ಬಂತು. ಶೋರೂಮಿನಿಂದ ಅದನ್ನು ಓಡಿಸಿಕೊಂಡು ಬಂದವನು ನಲವತ್ತು ದಾಟಿದ, ಮಾತು ಕಡಿಮೆಯ ಡ್ರೈವರ್. ಹೊಗೆ ಅಡುಗೆಮನೆಗೆ ನುಗ್ಗದ ಹಾಗೆ ಗಾಡಿಯನ್ನು ದೂರ ನಿಲ್ಲಿಸಿದ. ಒಳಗೆ ಬರುವ ಮುನ್ನ ಬೂಟು ಬಿಚ್ಚಿ, ಒಂದರ ಪಕ್ಕ ಒಂದು ಜೋಡಿಸಿಟ್ಟ. ಇಂಥವನ ಕೈಗೆ ಯಂತ್ರ ಕೊಡಬಹುದು ಎಂದು ನನಗೆ ಅನ್ನಿಸಿತು.

ಅಳಿಯ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆದು ಟ್ರ್ಯಾಕ್ಟರಿನ ಎರಡು ಚಕ್ರಗಳ ನಡುವೆ ಹಿಡಿದರು.

"ಏನ್ ಸಾರ್, ಕೋಟು ಹೊಲಿಸ್ತೀರಾ?" ಎಂದ ಡ್ರೈವರ್.

"ಅಳತೆ ತಗೊಳ್ದೆ ನಾನು ಯಾರನ್ನೂ ಮನೆಗೆ ಸೇರಿಸಲ್ಲಪ್ಪ. ಮದುವೆಗೆ ಮುಂಚೆ ಇವಳ ಅಳತೇನೂ ತಗೊಂಡಿದ್ದೆ, ರವಿಕೆಗೆ."

"ಅದೂ ಸರಿಯಾಗಿ ಕೂರಲಿಲ್ಲ," ಎಂದಳು ಮಗಳು.

ಡ್ರೈವರ್ ಹಿಂದೆ ಕ್ರೇಟು ತುಂಬಿದ ಟ್ರೇಲರ್ ಕಟ್ಟಿಕೊಂಡು ಮೇಲೆ ಹೊರಟ. ನಾನು ನಲ್ಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಎಂಜಿನ್ ಸದ್ದು ಒಂದೊಂದೇ ತಿರುವು ದಾಟಿ ಮೇಲೆ ಹೋಯಿತು, ಏಳನೇ ಮೆಟ್ಟಿಲು ಮುಟ್ಟಿತು, ಇಳಿಯಿತು. ಎಲ್ಲೂ ತಡೆಯಲಿಲ್ಲ. ಕಾಯಿಯ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಅವನು ಅಂಗಳದಲ್ಲಿದ್ದ.

ಇಳಿದವನೇ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದ. "ತುಂಬಾ ಉಪಕಾರ ಆಯ್ತು ಅಮ್ಮ. ನೀವು ದಾರಿ ತೋರಿಸ್ದೆ ಇದ್ದಿದ್ರೆ ಐದನೇ ತಿರುವಲ್ಲಿ ನಾನು ನಡುಮಧ್ಯ ಹೋಗ್ತಿದ್ದೆ. ನೀವು ಗೋಡೆಗೆ ಒತ್ತಿಕೊಂಡು ನಡೆದ್ರಿ, ನಾನೂ ಒತ್ತಿಕೊಂಡೆ. ಈ ವಯಸ್ಸಲ್ಲಿ ಎಷ್ಟು ಚುರುಕು ನಡಿಗೆ."

ಉತ್ತರ ಹೇಳಲು ನಾನು ಎದ್ದೆ. ಎಡಗಾಲು ಊರಿದಾಗ ಎಂದಿನಂತೆ ಮೈ ವಾಲಿತು, ಬೆಂಚನ್ನು ಹಿಡಿದುಕೊಂಡೆ. ಅವನು ನನ್ನ ಕಾಲು ನೋಡಿದ, ಮಡಿಲಿನ ನಾರು ನೋಡಿದ, ಮತ್ತೆ ಗುಡ್ಡ ನೋಡಿದ. ಅವನ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

"ನಾನು ಇಲ್ಲೇ ಕೂತಿದ್ದೆನಪ್ಪಾ," ಎಂದೆ.

"ಹಸಿರು ಟವೆಲ್..." ಎಂದ. ನನ್ನ ಟವೆಲು ಒಳಗೆ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಒಂದು ವರ್ಷದಿಂದ ಅಲ್ಲೇ ಇತ್ತು. ಅವನಿಗದು ಕಾಣುವಂತಿರಲಿಲ್ಲ.

"ಬಿಸಿಲು ಜಾಸ್ತಿ," ಎಂದು ನಾನೇ ಹೇಳಿ ಅವನಿಗೊಂದು ಲೋಟ ನೀರು ಕೊಟ್ಟೆ. ನೀರಿನ ಬಣ್ಣ ನೋಡಿಯೂ ಅವನು ಮಾತಾಡದೆ ಕುಡಿದ. ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿದ ಎಂದು ಕಾಣುತ್ತದೆ.

ಮರುದಿನ ಅದೇ ಡ್ರೈವರ್ ದೊಡ್ಡದನ್ನು ತಂದ. ಮಗಳ ಕಣ್ಣು ಅರಳಿತು. ನಿಜವಾಗಿಯೂ ಚೆಂದದ ಗಾಡಿ. ಹಿಂದಿನ ಚಕ್ರ ನನ್ನ ಎದೆಯೆತ್ತರ ಇತ್ತು. ಅಳಿಯ ಟೇಪು ಹಿಡಿದು, "ನಿನ್ನೆಯದಕ್ಕಿಂತ ಒಂದು ಗೇಣು ನಾಲ್ಕು ಬೆರಳು ಅಗಲ. ಇವನಿಗೆ ಬಟ್ಟೆ ಜಾಸ್ತಿ ಬೇಕು," ಎಂದರು.

"ಅಗಲ ಇದ್ದಷ್ಟೂ ಉರುಳೋದು ಕಮ್ಮಿ," ಎಂದಳು ಮಗಳು.

"ಸಮ ನೆಲದಲ್ಲಿ ಸರಿ ಅಕ್ಕ," ಎಂದ ಡ್ರೈವರ್ ಮೆಲ್ಲಗೆ. "ಗುಡ್ಡದಲ್ಲಿ ಗಾಡಿಗಿಂತ ದಾರಿ ಅಗಲ ಇರ್ಬೇಕಾಗುತ್ತೆ." ದೊಡ್ಡದನ್ನು ಮಾರಲು ಬಂದವನು ಹೇಳುವ ಮಾತಲ್ಲ ಅದು.

ಅವನು ಟ್ರೇಲರ್ ಕಟ್ಟಿಕೊಂಡು ಹೊರಟ. ಈ ಸಲ ನಾನು ಬೇಕೆಂದೇ ಅವನಿಗೆ ಕಾಣುವ ಹಾಗೆ ಬೆಂಚಿನ ಮೇಲೆ ಕೂತೆ. ಅವನೂ ಪ್ರತಿ ತಿರುವಿನಲ್ಲಿ ಕೆಳಗೆ ಬಗ್ಗಿ ನನ್ನನ್ನು ನೋಡುತ್ತಿದ್ದ. ಒಂದನೇ ಮೆಟ್ಟಿಲು, ಎರಡು, ಮೂರು. ನಾಲ್ಕರಲ್ಲಿ ಹಾರನ್ ಸಣ್ಣಗೆ ಒಮ್ಮೆ ಹೊಡೆದ, ದಾರಿಯಲ್ಲಿ ಯಾರಾದರೂ ಇದ್ದರೆ ಹೊಡೆಯುವ ಹಾಗೆ. ಐದರಲ್ಲಿ ಎಂಜಿನ್ ನಿಂತಿತು.

ತುಂಬಾ ಹೊತ್ತು ಸದ್ದಿಲ್ಲ. ನಲ್ಲಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಕೇಳುತ್ತಿತ್ತು. ಆಮೇಲೆ ಎಂಜಿನ್ ಮತ್ತೆ ಹೊತ್ತಿಕೊಂಡಿತು. ಅವನು ಆ ದೊಡ್ಡ ಗಾಡಿಯನ್ನು ಹಿಮ್ಮುಖವಾಗಿ, ಅಂಗುಲ ಅಂಗುಲ, ಐದು ತಿರುವು ಇಳಿಸಿಕೊಂಡು ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

"ಏನಾಯ್ತು? ಕೆಟ್ಟುಹೋಯ್ತಾ?" ಎಂದು ಮಗಳು ಕೇಳಿದಳು.

"ಇಲ್ಲ ಅಕ್ಕ. ಮುಂದೆ ಹೋಗ್ಬಾರ್ದು ಅನ್ನಿಸ್ತು."

"ಯಾಕೆ?"

ಅವನು ನನ್ನನ್ನು ನೋಡಿದ. ನಾನು ಕಣ್ಣಲ್ಲೇ ಹೇಳು ಎಂದೆ. "ಅಮ್ಮ ಮುಂದೆ ನಡೀತಿದ್ರು. ಇವರು ಇಲ್ಲಿ ಕೂತಿರೋದೂ ಕಾಣ್ತಿತ್ತು, ಅಲ್ಲಿ ನಡೆಯೋದೂ ಕಾಣ್ತಿತ್ತು. ನಿನ್ನೆ ಥರ ಅಲ್ಲ ಇವತ್ತು. ಎಡಗಾಲು ಎಳ್ಕೊಂಡು, ಕಷ್ಟಪಟ್ಟು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಒಂದು ಬರಿಗಾಲು. ಐದನೇ ತಿರುವಲ್ಲಿ ನೆಲದ ಮೇಲೆ ಕೂತುಬಿಟ್ರು."

ಮಗಳು ತಟ್ಟನೆ ನನ್ನ ಕಡೆ ತಿರುಗಿದಳು. ಕೂರುವುದರ ಅರ್ಥ ಈ ಗುಡ್ಡದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಅಮ್ಮ, ನೀನು ಇವರಿಗೆ ಹೇಳಿಕೊಟ್ಟಿದ್ದಾ ಇದನ್ನ?"

"ಇಲ್ಲ ಕಣೇ."

"ಮತ್ತೆ ಇವರಿಗೆ ಹೇಗೆ ಗೊತ್ತು? ನಿಂಗೆ ದೊಡ್ಡದು ಬೇಡ ಅಂದ್ರೆ ಬೇಡ ಅನ್ನು. ಹೆದರಿಸೋಕೆ ಬೇರೆಯವರನ್ನ ಯಾಕೆ ಸೇರಿಸ್ಕೋತೀಯ?"

ನನಗೆ ನೋವಾಯಿತು. ಅವಳಿಗೂ ಆಯಿತು, ಅದಕ್ಕೇ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು. "ನಾನು ಯಾವತ್ತಾದ್ರೂ ಒಂಟಿ ಚಪ್ಪಲಿ ಹಾಕ್ಕೊಂಡು ಹೋಗಿದ್ದೀನಾ?" ಎಂದು ತಮಾಷೆ ಮಾಡಲು ನೋಡಿದೆ. ಯಾರೂ ನಗಲಿಲ್ಲ. ಎಲ್ಲದಕ್ಕೂ ಏನಾದರೊಂದು ಹೇಳುವ ಅಳಿಯ ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಮಗಳು, "ನಾನೇ ಓಡಿಸಿ ನೋಡ್ತೀನಿ," ಎಂದಳು.

ಡ್ರೈವರ್ ಬೇಡವೆಂದ. ಅಳಿಯ ಬೇಡವೆಂದರು. ನಾನು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳ ಹಟ ಎರಡಾಗುತ್ತಿತ್ತು. ಆ ಮಗುವಿನ ಹಟವೆಲ್ಲ ಅವಳ ಅಪ್ಪನದು. ಕೊನೆಗೆ ಡ್ರೈವರ್ ಟ್ರೇಲರ್ ಬಿಚ್ಚಿದ. ಸೀಟನ್ನು ಅವಳ ಎತ್ತರಕ್ಕೆ ಸರಿಮಾಡಿ, ಬೆಲ್ಟು ತಾನೇ ಎಳೆದು ನೋಡಿ, "ಕೆಳ ಗೇರಲ್ಲೇ ಇರಿ ಅಕ್ಕ. ಕ್ಲಚ್ ಮುಟ್ಟಬೇಡಿ. ಅನುಮಾನ ಬಂದ್ರೆ ನಿಂತ್ಬಿಡಿ, ನಾಚಿಕೆ ಇಟ್ಕೋಬೇಡಿ," ಎಂದ.

ಅವಳು ಹೊರಟಳು. ಅವನು ನನ್ನ ಪಕ್ಕ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದ. ಎರಡನೇ ತಿರುವು ದಾಟುವಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಅಮ್ಮ, ಈಗ ಯಾರೂ ಕಾಣ್ತಿಲ್ಲ. ದಾರಿ ಖಾಲಿ ಇದೆ."

ಬೆಳಗಿನಿಂದ ನಾನು ಹೆದರಿದ್ದು ಅಲ್ಲಿ ಯಾರೋ ಇದ್ದಾರೆ ಎಂಬುದಕ್ಕೆ. ಈಗ ಹೆದರಿದ್ದು ಯಾರೂ ಇಲ್ಲ ಎಂಬುದಕ್ಕೆ. ಮಗಳು ಸೀಟಿನಲ್ಲಿ ಕೂತು ಎಲ್ಲಿ ನೋಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹದಿನೈದು ಹೆಜ್ಜೆ ಮುಂದೆ. ಆ ಖಾಲಿ ಜಾಗವನ್ನೇ.

ಬಾಗಿಲ ಹಿಂದಿನಿಂದ ಟವೆಲು ತೆಗೆದುಕೊಂಡೆ. ಮನೆಯ ಹಿಂದೆ ಮೆಟ್ಟಿಲಿಂದ ಮೆಟ್ಟಿಲಿಗೆ ನೇರ ಹತ್ತುವ ಕಲ್ಲಿನ ಪಾವಟಿಗೆಗಳಿವೆ. ಗಾಡಿ ಸುತ್ತಿ ಬರುವಷ್ಟರಲ್ಲಿ ನಡೆಯುವವರು ಮೇಲೆ ಮುಟ್ಟಬಹುದು. ಎಂಬತ್ತನಾಲ್ಕು ಪಾವಟಿಗೆ. ನಾನು ಹೇಗೆ ಹತ್ತಿದೆನೋ ನನಗೆ ನೆನಪಿಲ್ಲ. ಕೆಲವನ್ನು ಕೈ ಊರಿ ಹತ್ತಿದೆ. ಅಳಿಯ ಕೆಳಗಿನಿಂದ "ಅತ್ತೆ, ಅತ್ತೆ" ಎಂದು ಕೂಗುತ್ತಿದ್ದದ್ದು ಕೇಳಿಸಿತು. ಡ್ರೈವರ್ ನನ್ನ ಹಿಂದೆಯೇ ಬರುತ್ತಿದ್ದ, ಆದರೆ ನನ್ನನ್ನು ದಾಟಲಿಲ್ಲ. ನಾನು ಬಿದ್ದರೆ ಹಿಡಿಯಲು ಎರಡು ಪಾವಟಿಗೆ ಕೆಳಗೇ ಉಳಿದಿದ್ದ.

ಐದನೇ ಮೆಟ್ಟಿಲಿನ ಗೋಡೆಯ ಬುಡದಲ್ಲಿ ಎಡಗಾಲು ಕೆಸರಿನಲ್ಲಿ ಹೂತಿತು. ಬೇಸಿಗೆಯ ನಡುವಿನಲ್ಲಿ ಅಲ್ಲಿ ಕೆಸರು ಯಾಕಿದೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಕಾಲು ಎಳೆದುಕೊಂಡೆ, ಚಪ್ಪಲಿ ಅಲ್ಲೇ ಉಳಿಯಿತು. ದಾರಿಗೆ ಬಂದು ನಿಂತಾಗ ಕೆಳಗಿನ ತಿರುವಿನಿಂದ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿತ್ತು. ನನಗೂ ಅದಕ್ಕೂ ಹೆಚ್ಚುಕಡಿಮೆ ಹದಿನೈದು ಹೆಜ್ಜೆ.

ನಾನು ಬೆನ್ನು ತಿರುಗಿಸಿ ನಡೆಯತೊಡಗಿದೆ.

ಅವಳಿಗೆ ನಾನು ಕಂಡೆನೋ ಇಲ್ಲವೋ ಗೊತ್ತಿರಲಿಲ್ಲ. ಅಷ್ಟು ಎತ್ತರದ ಮೂತಿ. ತಿರುಗಿ ನೋಡಲು ಕತ್ತು ಹಾತೊರೆಯಿತು. ಮೂವತ್ತೆಂಟು ವರ್ಷದ ಅಭ್ಯಾಸ ಬಿಡಲಿಲ್ಲ. ಬಲಗಾಲಿನಲ್ಲಿ ಚಪ್ಪಲಿ, ಎಡಗಾಲು ಬರಿದು. ಒಂದು ಹೆಜ್ಜೆ ಇಟ್ಟರೆ ರಬ್ಬರು, ಇನ್ನೊಂದು ಇಟ್ಟರೆ ಬಿಸಿ ಮಣ್ಣು. ಬಿಸಿ ಮಣ್ಣು, ಬಿಸಿ ಮಣ್ಣು. ಆಮೇಲೆ ತಣ್ಣನೆಯ ಮಣ್ಣು.

ಬಿಸಿಲಿಗೆ ಕಾದ ದಾರಿಯಲ್ಲಿ ಒಂದು ಚಾಪೆಯಷ್ಟು ಜಾಗ ಮಾತ್ರ ತಣ್ಣಗಿತ್ತು. ಹಿಂದಿನ ಎಂಜಿನ್ನಿಗೆ ಅದು ಸಣ್ಣಗೆ ನಡುಗುತ್ತಿತ್ತು, ಮಡಕೆಯ ಮೇಲಿಟ್ಟ ತಟ್ಟೆಯ ಹಾಗೆ. ಚಪ್ಪಲಿ ಇದ್ದಿದ್ದರೆ ನನಗದು ತಿಳಿಯುತ್ತಲೇ ಇರಲಿಲ್ಲ.

ನಾನು ಎರಡು ಹೆಜ್ಜೆ ಹಿಂದೆ ಸರಿದು, ಬೆಚ್ಚಗಿನ ಮಣ್ಣಿನ ಮೇಲೆ ಕೂತೆ.

ಎಂಜಿನ್ ಸದ್ದು ಬೆನ್ನ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಅದರ ಬಿಸಿ ಗಾಳಿ ಕತ್ತಿಗೆ ತಾಕಿತು. ಆಗಲೂ ಬೆನ್ನು ನೆಮ್ಮದಿಯಾಗಿತ್ತು ಎಂದರೆ ಸುಳ್ಳಾಗುತ್ತದೆ. ನಾನು ಟವೆಲನ್ನು ಮಡಿಲಲ್ಲಿ ಮುದುರಿ ಹಿಡಿದುಕೊಂಡಿದ್ದೆ. ಸದ್ದು ನಿಂತಿತು.

"ಅಮ್ಮ," ಎಂದಳು ಮಗಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ದನಿ.

ಡ್ರೈವರ್ ಮರದ ಬುಡದಲ್ಲಿದ್ದ ಹಾರೆ ತಂದು ಆ ತಣ್ಣನೆಯ ಜಾಗಕ್ಕೆ ಮೆಲ್ಲಗೆ ಊರಿದ. ಬಲ ಹಾಕಬೇಕಾಗಲಿಲ್ಲ. ಹಾರೆ ಅವನ ಕೈಯಿಂದ ಜಾರಿ ನೆಲದೊಳಗೆ ಮಾಯವಾಯಿತು. ಅಳಿಯನೂ ಅಷ್ಟರಲ್ಲಿ ಪಾವಟಿಗೆ ಹತ್ತಿ ಬಂದಿದ್ದರು, ನಾಲ್ವರೂ ಕಿವಿಗೊಟ್ಟೆವು. ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದು ಬಂತು.

ನಮ್ಮ ನಲ್ಲಿಯ ಕೆಂಪು ನೀರು ಎಲ್ಲಿಂದ ಬರುತ್ತಿತ್ತೆಂದು ಆಗ ಗೊತ್ತಾಯಿತು. ಒರತೆ ತನ್ನ ಹಳೆಯ ದಾರಿ ಬಿಟ್ಟು, ಐದನೇ ತಿರುವಿನ ಹೊಟ್ಟೆಯೊಳಗಿನ ಮಣ್ಣನ್ನು ತಿಂಗಳುಗಟ್ಟಲೆ ತೊಳೆದು ನಮ್ಮ ಚಹಾಕ್ಕೆ ಕಳಿಸುತ್ತಿತ್ತು. ನಾನು ಅದನ್ನು ದಿನವೂ ಬಟ್ಟೆಯಲ್ಲಿ ಸೋಸಿ ಹಿತ್ತಿಲಿಗೆ ಚೆಲ್ಲುತ್ತಿದ್ದೆ. ಗೋಡೆಯ ಪಕ್ಕ ಒಂದು ಪಟ್ಟಿ ಮಾತ್ರ ಗಟ್ಟಿ ಬಂಡೆಯ ಮೇಲಿತ್ತು. ನಿನ್ನೆಯ ನಡುವಿನ ಗಾಡಿ ಆ ಪಟ್ಟಿಯ ಮೇಲೇ ಹೋಗಿತ್ತು. ದೊಡ್ಡದು ಎಷ್ಟು ಒತ್ತಿಕೊಂಡರೂ ಅದರ ಹೊರಚಕ್ರ ಒಂದು ಗೇಣು ನಾಲ್ಕು ಬೆರಳು ಆಚೆಗೇ ಬೀಳುತ್ತಿತ್ತು.

ಡ್ರೈವರ್ ಕೆಳಗಿಳಿದು ಕೆಸರಿನಿಂದ ನನ್ನ ಚಪ್ಪಲಿ ಕಿತ್ತು, ಹುಲ್ಲಿನಲ್ಲಿ ಒರೆಸಿ ತಂದು ನನ್ನ ಕಾಲ ಬಳಿ ಇಟ್ಟ.

"ಬೆಳಿಗ್ಗೆ ನಾನು ನೋಡಿದ್ದು ಇದನ್ನೇ ಅಮ್ಮ. ಇದೇ ಕಾಲು. ಇದೇ ಜಾಗ."

ಮಗಳು ಮಂಡಿಯೂರಿ ಕೂತು, ತನ್ನ ದುಪಟ್ಟಾದಿಂದ ನನ್ನ ಎಡಗಾಲಿನ ಕೆಸರು ಒರೆಸಿ ಚಪ್ಪಲಿ ತೊಡಿಸಿದಳು.

ಮರುದಿನ ಮಧ್ಯಾಹ್ನ, ಯಾರೂ ಮುಟ್ಟದೆ, ಐದನೇ ತಿರುವು ತಾನಾಗಿ ಒಳಗೆ ಕುಸಿಯಿತು. ನಮ್ಮ ಅಡುಗೆಮನೆಯನ್ನು ಮೇಜಿನ ಸಮೇತ ಇಳಿಸಬಹುದಾದಷ್ಟು ದೊಡ್ಡ ಗುಂಡಿ. ಕಲ್ಲು ತುಂಬಿಸಿ, ಒರತೆಗೆ ಕೊಳವೆ ಹಾಕಿ, ದಾರಿ ಸರಿಮಾಡಲು ಒಂದು ತಿಂಗಳು ಹಿಡಿಯಿತು. ನಾವು ನಡುವಿನದನ್ನೇ ಆರಿಸಿದೆವು. ಮಗಳು ಈಗ ಕುದುರೆಗಳ ಲೆಕ್ಕ ಕೇಳಲಿಲ್ಲ. ಅಗಲ ಕೇಳಿದಳು, ಎತ್ತರ ಕೇಳಿದಳು, ಭಾರ ಎಷ್ಟು ತಗ್ಗಿನಲ್ಲಿ ಕೂತಿದೆ ಎಂದು ಕೇಳಿದಳು. ಹಿಂದಿನ ಟೈರುಗಳಿಗೆ ಅರ್ಧ ನೀರು ತುಂಬಿಸಿದರೆ ಗಾಡಿ ಇನ್ನೂ ನೆಲ ಹಿಡಿಯುತ್ತದೆ ಎಂದು ಡ್ರೈವರ್ ಹೇಳಿಕೊಟ್ಟ. "ನಿನ್ನೆ ಮೊನ್ನೆವರೆಗೂ ಕೆಂಪು ನೀರು ನಾವು ಕುಡೀತಿದ್ವಿ, ಇನ್ನು ಅದು ಕುಡೀಲಿ," ಎಂದರು ಅಳಿಯ. ಅವರ ಬಾಯಿ ಮತ್ತೆ ತೆರೆದಿದ್ದು ನೋಡಿ ಮನೆಗೆಲ್ಲ ಸಮಾಧಾನವಾಯಿತು.

ಹೊಸ ಟ್ರ್ಯಾಕ್ಟರ್ ತಂದುಕೊಟ್ಟ ದಿನ ಡ್ರೈವರ್ ಹೊರಡುವಾಗ ಗೇಟಿನವರೆಗೂ ನಾನು ಜೊತೆಗೆ ಹೋದೆ. ನನ್ನ ನಡಿಗೆಗೆ ತಕ್ಕಂತೆ ಅವನು ತನ್ನದನ್ನು ನಿಧಾನ ಮಾಡಿಕೊಂಡ.

"ಒಂದು ಕೇಳ್ಲಾ?" ಎಂದೆ. "ಎರಡನೇ ದಿನ ನೀನು ನೋಡಿದ್ದು ಆಮೇಲೆ ಆಗಿದ್ದನ್ನ. ಅದು ನನಗೆ ಅರ್ಥ ಆಯ್ತು ಅಂತಿಟ್ಕೋ. ಮೊದಲನೇ ದಿನ ನೋಡಿದ್ದು ಏನು?"

ಅವನು ಗೇಟಿನ ಕೊಂಡಿಯನ್ನು ಎರಡು ಸಲ ಹಾಕಿ ತೆಗೆದ. "ಗೊತ್ತಿಲ್ಲ ಅಮ್ಮ. ಅವತ್ತು ಕುಂಟ್ತಿರಲಿಲ್ಲ. ಆರಾಮಾಗಿ ನಡೀತಿದ್ರು, ಏಳನೇ ಮೆಟ್ಟಿಲವರೆಗೂ." ಗೇಟು ದಾಟಿದ ಮೇಲೆ, "ಆರೋಗ್ಯ ನೋಡ್ಕೊಳ್ಳಿ," ಎಂದ.

ಈ ವರ್ಷದ ಕೊಯ್ಲು ಮುಗಿಯುತ್ತಾ ಬಂದಿದೆ. ನನ್ನ ಮೊಣಕಾಲಿಗೆ ಪಾವಟಿಗೆಗಳು ಮುಗಿದ ಮಾತು. ಆವತ್ತಿನ ಎಂಬತ್ತನಾಲ್ಕೇ ಕೊನೆಯವು. ಮುಂದೆ ನಡೆಯಲು ಒಬ್ಬರನ್ನು ಗೊತ್ತುಮಾಡೋಣ ಎಂದು ದಿನವೂ ಹೇಳುತ್ತಿದ್ದೆ. ಮಗಳು ನಾಳೆ ನಾಡಿದ್ದು ಎನ್ನುತ್ತಿದ್ದಳು. ಅವಳು ಮೇಲಿರುವ ಹೊತ್ತೆಲ್ಲ ನಾನು ಕಿಟಕಿಯ ಬಳಿ ಕಾಲು ಚಾಚಿ ಕೂತು, ಎಂಜಿನ್ ಸದ್ದನ್ನು ತಿರುವಿನಿಂದ ತಿರುವಿಗೆ ಎಣಿಸುತ್ತಿರುತ್ತೇನೆ.

ನಿನ್ನೆ ಸಂಜೆ ಅವಳು ಒಳಗೆ ಬಂದು ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಬರಬೇಡ ಅಂದಿದ್ನಲ್ಲಮ್ಮ. ಬಂದಿದ್ದಕ್ಕೆ ಒಳ್ಳೇದಾಯ್ತು ಅನ್ನು, ಆರನೇ ತಿರುವಲ್ಲಿ ಕಲ್ಲು ಉರುಳಿ ಬಿದ್ದಿತ್ತು. ನೀನು ಟವೆಲ್ ಎಡಕ್ಕೆ ಹಾಕ್ದೆ ಇದ್ದಿದ್ರೆ ನಾನು ನೋಡ್ತಾನೇ ಇರಲಿಲ್ಲ."

ನಾನು ಚಾಚಿದ್ದ ಕಾಲನ್ನು ಕೆಳಗಿಳಿಸಿದೆ.

"ಎಷ್ಟು ಕರೆದೆ, ತಿರುಗಲೇ ಇಲ್ಲ ನೀನು. ಅಪ್ಪ ಹೇಳಿಕೊಟ್ಟಿದ್ದನ್ನ ಇನ್ನೂ ಬಿಟ್ಟಿಲ್ಲ." ಅವಳು ನಲ್ಲಿ ನಿಲ್ಲಿಸಿದಳು. ನೀರು ಈಗ ಗಾಜಿನ ಹಾಗೆ ತಿಳಿಯಾಗಿ ಬರುತ್ತದೆ. "ಆದ್ರೆ ಎಷ್ಟು ಖುಷಿ ಆಯ್ತು ಗೊತ್ತಾ? ಒಂಚೂರೂ ಕುಂಟ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ನೀನು ನಡೀತಿದ್ದ ಹಾಗೇ ಇತ್ತು. ನಾನು ಮೊಣಕಾಲಿಗೆ ತಂದ ಆ ಹೊಸ ಎಣ್ಣೆ ಕೆಲಸ ಮಾಡ್ತಿದೆ ಅಲ್ವಾ?"

ಬಾಗಿಲ ಹಿಂದಿನ ಮೊಳೆಯಲ್ಲಿ ಟವೆಲು ಮಡಿಕೆ ಕೆಡದೆ ನೇತಾಡುತ್ತಿತ್ತು. ನಾನು ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದದ್ದು ಎರಡೇ ಸಲ, ಅದೂ ಗೋಡೆ ಹಿಡಿದುಕೊಂಡು. ಈ ಮೊಣಕಾಲು ಇರುವಷ್ಟು ದಿನ ನಾನು ಹಾಗೆ ನಡೆಯುವಂತಿಲ್ಲ. ಯಾವ ದಿನದ ನನ್ನನ್ನು ಅವಳು ನೋಡಿದಳೆಂದು ಲೆಕ್ಕ ಹಾಕಲು ನನಗೆ ಕಷ್ಟವಾಗಲಿಲ್ಲ. ಹೆದರಿಕೆ ಆಯಿತು. ಆಮೇಲೆ, ಹೇಳಿದರೆ ಯಾರೂ ನಂಬುವುದಿಲ್ಲ, ಮೊದಲ ಸಲ ಒಂದು ವರ್ಷದ ಚಿಂತೆ ಹೆಗಲಿಂದ ಇಳಿಯಿತು. ಮುಂದೆ ನಡೆಯಲು ಯಾರನ್ನೂ ಗೊತ್ತುಮಾಡಬೇಕಾಗಿಲ್ಲ.

ಅವಳು ಕೈ ಒರೆಸಿಕೊಳ್ಳುತ್ತಾ ಉತ್ತರಕ್ಕೆ ಕಾಯುತ್ತಿದ್ದಳು. ಮೊಣಕಾಲು ಎಂದಿನಂತೆ ನೋಯುತ್ತಿತ್ತು.

"ಹೌದು ಕಣೇ," ಎಂದೆ. "ಒಳ್ಳೇ ಎಣ್ಣೆ."